ಭಾನುವಾರದ ಚರ್ಚೆಗೆ ಮುನ್ನ ಎಲ್ಲರ ಗಮನಕ್ಕೆ

ಆತ್ಮೀಯರೇ, ಅಂತರ್ಜಾಲದಲ್ಲಿ ಸಿನಿಮಾ, ಸರಣಿ ತೋರಿಸುವ ಒಟಿಟಿ ಕಂಪನಿಗಳು ಸ್ಥಳೀಯ ಸಿನಿಮಾಕ್ಕೆ ಹಣ ಹಾಕಬೇಕೆಂಬ ಮಾತು ಗುಂಪಿನಲ್ಲಿ ಕಾವೇರಿದೆ, ಸಂತೋಷ. ಆದರೆ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ.

ನಮ್ಮ ರಾಜ್ಯದ 2024ರ ಕಾಯ್ದೆ ಸಿನಿಮಾ ಟಿಕೆಟ್, ಒಟಿಟಿ ಚಂದಾ ಮೇಲೆ ಶೇ 1ರಿಂದ 2ರವರೆಗೆ ಸೆಸ್ (ಉಪಕರ) ಹಾಕಲು ಅವಕಾಶ ಕೊಡುತ್ತದೆ. ಆ ಹಣ ಸಿನಿಮಾ ಕಾರ್ಮಿಕರ, ಕಲಾವಿದರ ಕ್ಷೇಮಾಭಿವೃದ್ಧಿಗೆ. ಅದು ಬೇಕೇ ಬೇಕು. ಆದರೆ ಅದರಿಂದ ಹೊಸ ಕನ್ನಡ ಸಿನಿಮಾ ಹುಟ್ಟುವುದಿಲ್ಲ.

ನಾವು ಕೇಳಬೇಕಾದದ್ದು ಸ್ವಿಟ್ಜರ್ಲೆಂಡಿನ ಮಾದರಿ. 2022ರ ಮೇ 15ರಂದು ಅಲ್ಲಿ ಜನಮತಗಣನೆ ನಡೆದು ಮತ ಹಾಕಿದವರಲ್ಲಿ ಶೇ 58ರಷ್ಟು ಮಂದಿ ಒಪ್ಪಿದರು. 2024ರ ಜನವರಿಯಿಂದ ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಆ ದೇಶದಲ್ಲಿ ಗಳಿಸಿದ್ದರ ಶೇ 4ರಷ್ಟನ್ನು ಸ್ವಿಸ್ ಸಿನಿಮಾ, ಸರಣಿಗಳಿಗೆ ತೊಡಗಿಸಲೇಬೇಕು. ಲೆಕ್ಕ ನಾಲ್ಕು ವರ್ಷದ ಸರಾಸರಿಯಲ್ಲಿ. ಕಡಿಮೆ ಬಿದ್ದರೆ ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು, ಅದೂ ಸಿನಿಮಾಕ್ಕೇ ಹೋಗುತ್ತದೆ. ಅಲ್ಲಿನ ಖಾಸಗಿ ಟಿವಿ ಚಾನೆಲ್‌ಗಳಿಗೆ ಈ ನಿಯಮ ಮೊದಲೇ ಇತ್ತು. ನಾಲ್ಕು ಭಾಷೆಗಳ ಆ ದೇಶದ ಜನಸಂಖ್ಯೆ ಸುಮಾರು 90 ಲಕ್ಷ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲೇ 4 ಕೋಟಿ ದಾಟಿದ್ದೆವು!

‘ಚಂದಾ ಏರುತ್ತದೆ’ ಎಂಬ ಆಕ್ಷೇಪ ಅಲ್ಲೂ ಎದ್ದಿತ್ತು. ಆದರೆ ಇದು ಕೈಬಿಟ್ಟುಹೋಗುವ ತೆರಿಗೆಯಲ್ಲ. ಹಾಕಿದ ದುಡ್ಡಿಗೆ ಕಂಪನಿಗೇ ಒಂದು ಸರಣಿ ಸಿಗುತ್ತದೆ.

ಇಲ್ಲಿನ ತೊಡಕು ಬೇರೆ: 2020ರಿಂದ ಒಟಿಟಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವ್ಯಾಪ್ತಿಯಲ್ಲಿದೆ. ರಾಜ್ಯ ಎಷ್ಟರಮಟ್ಟಿಗೆ ಮುಂದೆ ಹೋಗಬಹುದು? ಗುಂಪಿನ ವಕೀಲ ಮಿತ್ರರು ಭಾನುವಾರ ಸಂಜೆ 5ಕ್ಕೆ ತಪ್ಪದೆ ಕಾಲ್‌ಗೆ ಬನ್ನಿ. ಸರ್ಕಾರಕ್ಕೆ ಕೊಡುವ ಮನವಿಯ ಕರಡು ಅಂದೇ ಬರೆಯೋಣ.