ಶಾರ್ಙ್ಗದೇವ ಹೇಳದ ಚಕ್ರಗಳ ಪಟ್ಟಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಾದಯೋಗದ ಕುರಿತು ಪ್ರಕಟವಾದ ಲೇಖನವು ಷಡ್ಜಕ್ಕೆ ಮೂಲಾಧಾರ, ಋಷಭಕ್ಕೆ ಸ್ವಾಧಿಷ್ಠಾನ ಎಂದು ಆರಂಭಿಸಿ ನಿಷಾದಕ್ಕೆ ಸಹಸ್ರಾರ ಎನ್ನುವವರೆಗೆ ಸಪ್ತಸ್ವರಗಳನ್ನು ಏಳು ಚಕ್ರಗಳಿಗೆ ಹಂಚಿದ ಪಟ್ಟಿಯೊಂದನ್ನು ಕೊಟ್ಟು, ಇದು 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ಮಾತು ಎಂದು ಹೇಳಿದೆ. ಉಡುಪಿ, ಮಣಿಪಾಲದ ಕಡೆ ಹಂಚುವ ಧ್ಯಾನ ಶಿಬಿರಗಳ ಕರಪತ್ರಗಳಲ್ಲೂ ಇದೇ ಪಟ್ಟಿ ಕಾಣಸಿಗುತ್ತದೆ. ಗ್ರಂಥದಲ್ಲಿ ಇಂಥ ಹಂಚಿಕೆ ಇಲ್ಲ. ಅಲ್ಲಿರುವುದು ಬೇರೆಯೇ ಆಗಿದ್ದು, ಪಟ್ಟಿಗಿಂತ ಎಷ್ಟೋ ಹೆಚ್ಚು ಯೋಚನೆಗೆ ಹಚ್ಚುವಂಥದ್ದು ಎಂಬ ಕಾರಣಕ್ಕೆ ಈ ಪತ್ರ.

ಶಾರ್ಙ್ಗದೇವನ ಅಜ್ಜ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ವಲಸೆ ಬಂದವನು. ತಂದೆ ಸೋಢಲ. ಮಗ ದೇವಗಿರಿಯ ಸೇವುಣ (ಯಾದವ) ಅರಸ ಸಿಂಘಣನ ಆಸ್ಥಾನದಲ್ಲಿ ಶ್ರೀಕರಣಾಧಿಪ, ಅಂದರೆ ರಾಜ್ಯದ ಲೆಕ್ಕಪತ್ರಗಳ ಮುಖ್ಯ ಅಧಿಕಾರಿಯಾಗಿದ್ದ. ವೈದ್ಯವನ್ನೂ ಬಲ್ಲವನಾಗಿದ್ದ. ಸಂಗೀತದ ಗ್ರಂಥವೊಂದು ಸ್ವರಕ್ಕಿಂತ ಮೊದಲು ಗರ್ಭದಲ್ಲಿ ಪಿಂಡ ಬೆಳೆಯುವ ಬಗೆಯನ್ನೂ ಎಲುಬು, ಧಾತು, ನಾಡಿಗಳನ್ನೂ ವರ್ಣಿಸುವುದು ಈ ಹಿನ್ನೆಲೆಯಿಂದಲೇ ಇರಬೇಕು. ಏಳು ಅಧ್ಯಾಯಗಳ ಈ ಗ್ರಂಥದ ಮೊದಲ ಅಧ್ಯಾಯದಲ್ಲಿ ಬರುವ ಪಿಂಡೋತ್ಪತ್ತಿ ಪ್ರಕರಣವನ್ನು ಸಂಗೀತದವರು ಸಾಮಾನ್ಯವಾಗಿ ಹಾರಿಸಿ ಓದುತ್ತಾರೆ. ಯೋಗದವರು ಅದರಿಂದ ತಮಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಆ ಪ್ರಕರಣದಲ್ಲಿ ಚಕ್ರಗಳಿರುವುದು ನಿಜ. ಆದರೆ ಅವು ಏಳಲ್ಲ, ಹತ್ತು. ನಮಗೆ ಪರಿಚಿತವಾದವುಗಳ ಜೊತೆಗೆ ಲಲನಾ, ಮನಸ್, ಸೋಮ ಎಂಬವೂ ಸೇರಿವೆ. ಸ್ವರಗಳು ಎಲ್ಲಿವೆಯೆಂದು ಹುಡುಕಿದರೆ ಏಳಕ್ಕೆ ಏಳೂ ಒಂದೇ ಕಡೆ, ಕಂಠದಲ್ಲಿರುವ ವಿಶುದ್ಧಿ ಚಕ್ರದ 16 ದಳಗಳ ನಡುವೆ ಸಿಗುತ್ತವೆ. ಮೊದಲ ದಳಗಳಲ್ಲಿ ಪ್ರಣವ, ಉದ್ಗೀಥ, ಸ್ವಧಾ, ಸ್ವಾಹಾ ಮುಂತಾದ ವೈದಿಕ ಶಬ್ದಗಳು, ಎಂಟನೆಯದರಲ್ಲಿ ಅಮೃತ, 9ರಿಂದ 15ರವರೆಗೆ ಷಡ್ಜಾದಿ ಸಪ್ತಸ್ವರಗಳು, ಕೊನೆಯ ದಳದಲ್ಲಿ ವಿಷ. ಎಂಟರಿಂದ ಹದಿನೈದರವರೆಗಿನ ದಳಗಳಲ್ಲಿ ಜೀವ ನೆಲೆಸಿದಾಗ ಗೀತಾದಿಗಳು ಸಿದ್ಧಿಸುತ್ತವೆ, ಹದಿನಾರನೆಯದರಲ್ಲಿ ಅವು ನಾಶವಾಗುತ್ತವೆ ಎನ್ನುತ್ತಾನೆ. ಸ್ವರಗಳು ಒಂದೊಂದೇ ಮೆಟ್ಟಿಲು ಹತ್ತಿ ನೆತ್ತಿಗೆ ಏರುವ ಚಿತ್ರ ಇದಲ್ಲ. ಮಂತ್ರ ಮತ್ತು ಅಮೃತ ಒಂದು ಬದಿಗೆ, ವಿಷ ಇನ್ನೊಂದು ಬದಿಗೆ ಇರುವಂತೆ ಹಾಡುಗಾರನ ಕೊರಳಿನಲ್ಲೇ ಏಳೂ ಸ್ವರಗಳನ್ನು ಕೂರಿಸಿದ ಚಿತ್ರ.

ಇದಕ್ಕಿಂತ ಮುಖ್ಯವಾದ ಮಾತು ಅದೇ ಪ್ರಕರಣದ ಕೊನೆಯಲ್ಲಿದೆ. ದೇಹ ಮಲಗಳ ರಾಶಿ, ಆದರೂ ಬುದ್ಧಿವಂತರು ಅದನ್ನೇ ಭುಕ್ತಿಗೂ ಮುಕ್ತಿಗೂ ಸಾಧನವಾಗಿಸಿಕೊಳ್ಳುತ್ತಾರೆ ಎಂದು ಹೇಳಿ, ಧ್ಯಾನಕ್ಕೆ ಬೇಕಾದ ಏಕಾಗ್ರಚಿತ್ತ ಎಲ್ಲರಿಗೂ ಸುಲಭವಲ್ಲ ಎಂದು ಶಾರ್ಙ್ಗದೇವ ಒಪ್ಪುತ್ತಾನೆ. ಮುನಿಗಳು ಗುರು ಹೇಳಿಕೊಟ್ಟ ದಾರಿಯಲ್ಲಿ ಅನಾಹತ ನಾದವನ್ನು, ಅಂದರೆ ಯಾವ ಆಘಾತವೂ ಇಲ್ಲದೆ ಒಳಗೇ ಇರುವ ನಾದವನ್ನು, ಉಪಾಸಿಸುತ್ತಾರೆ. ಅದು ಮುಕ್ತಿಯನ್ನು ಕೊಡುತ್ತದೆ, ಆದರೆ ರಕ್ತಿ, ಅಂದರೆ ರಂಜಿಸುವ ಗುಣ, ಇಲ್ಲದ್ದರಿಂದ ಮನುಷ್ಯರ ಮನಸ್ಸನ್ನು ರಂಜಿಸುವುದಿಲ್ಲ. ಆದ್ದರಿಂದ ತಾನು ಆಹತ (ಆಘಾತದಿಂದ ಹುಟ್ಟುವ) ನಾದವನ್ನು, ಶ್ರುತಿ (ಕಿವಿ ಗುರುತಿಸುವ ಸೂಕ್ಷ್ಮ ಸ್ವರಾಂತರ) ಮೊದಲಾದವುಗಳ ಮೂಲಕ ಲೋಕವನ್ನು ರಂಜಿಸುತ್ತಲೇ ಭವವನ್ನೂ ಭಂಜಿಸುವ ನಾದವನ್ನು ವಿವರಿಸುತ್ತೇನೆ ಎನ್ನುತ್ತಾನೆ. ನಮ್ಮ ವಿದ್ವತ್ ಪರೀಕ್ಷೆಯ ಮಕ್ಕಳು ‘ನಾದ ಎರಡು ವಿಧ, ಆಹತ ಮತ್ತು ಅನಾಹತ’ ಎಂದು ಎರಡು ಸಾಲು ಬರೆದು ಮುಂದೆ ಹೋಗುವ ಜಾಗ ಇದು. ಮುಕ್ತಿಯ ವಿಷಯದಲ್ಲಿ ಅನಾಹತದ ಹಿರಿಮೆಯನ್ನು ಒಪ್ಪಿಕೊಂಡೂ, ಕೇಳುವ ಕಿವಿಗೆ ಸಂತೋಷ ಕೊಡುವ ನಾದದಿಂದಲೂ ಅದೇ ಮುಕ್ತಿಯ ದಾರಿ ತೆರೆಯುತ್ತದೆ ಎಂದು ವಾದಿಸಿದ ಬಳಿಕವೇ ಆತ ರಾಗ, ಪ್ರಬಂಧ, ತಾಳ, ವಾದ್ಯ, ನೃತ್ಯಗಳ ಕಡೆಗೆ ಹೋಗುತ್ತಾನೆ. ಅವನ ಅನುಭಾವವಿರುವುದು ಈ ಆಯ್ಕೆಯಲ್ಲಿ ಎಂದು ನನ್ನ ಅಭಿಪ್ರಾಯ. ರಂಜನೆಯನ್ನು ಕೀಳಾಗಿ ಕಂಡು ‘ಇದು ಬರಿಯ ಮನೋರಂಜನೆಯಲ್ಲ, ಸಾಧನೆ’ ಎಂದು ಸಾರುವ ಶಿಬಿರಗಳು ಇದರ ವಿರುದ್ಧ ದಿಕ್ಕಿಗೆ ನಡೆಯುತ್ತಿವೆ.

ನಾದ ಹುಟ್ಟುವ ಕ್ರಮವನ್ನು ಅವನು ಹೇಳುವ ರೀತಿಯೂ ಗಮನಿಸತಕ್ಕದ್ದು. ನುಡಿಯಬೇಕೆಂದು ಬಯಸಿದ ಆತ್ಮ ಮನಸ್ಸನ್ನು ಪ್ರೇರಿಸುತ್ತದೆ, ಮನಸ್ಸು ದೇಹದೊಳಗಿನ ಅಗ್ನಿಯನ್ನು ತಟ್ಟುತ್ತದೆ, ಅಗ್ನಿ ವಾಯುವನ್ನು ಎಬ್ಬಿಸುತ್ತದೆ, ಮೇಲೇರುವ ವಾಯು ನಾಭಿ, ಹೃದಯ, ಕಂಠ, ಮೂರ್ಧ (ತಲೆ), ಮುಖಗಳಲ್ಲಿ ನಾದವಾಗಿ ಪ್ರಕಟವಾಗುತ್ತದೆ. ಇದೇ ಸ್ಥಾನಗಳ ವಿಚಾರವನ್ನು ಶತಮಾನಗಳ ನಂತರ ತ್ಯಾಗರಾಜರು ಜಗನ್ಮೋಹಿನಿ ರಾಗದ ‘ಶೋಭಿಲ್ಲು ಸಪ್ತಸ್ವರ’ ಕೃತಿಯಲ್ಲಿ ಹಾಡಿದ್ದಾರೆ. ಹಾಡುವಾಗ ಬಳಕೆಗೆ ಬರುವುದು ಹೃದಯದಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಮೂರ್ಧದಲ್ಲಿ ತಾರ ಎಂಬ ಮೂರು, ಒಂದಕ್ಕಿಂತ ಒಂದು ಇಮ್ಮಡಿ ಎತ್ತರ ಎನ್ನುತ್ತಾನೆ ಶಾರ್ಙ್ಗದೇವ. ಬೆಳಗಿನ ಜಾವದ ತನಕ ಏರುಶ್ರುತಿಯಲ್ಲಿ ಪದ ಹೇಳುವ ನಮ್ಮ ಯಕ್ಷಗಾನದ ಭಾಗವತರಿಗೆ ತಾರಸ್ಥಾನ ಮೂರ್ಧದಲ್ಲಿದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಹೃದಯದ ಊರ್ಧ್ವನಾಡಿಗೆ ಅಡ್ಡಲಾಗಿ ಸೇರಿದ 22 ನಾಡಿಗಳಿಂದ 22 ಶ್ರುತಿಗಳು ಹುಟ್ಟುತ್ತವೆ ಎಂಬುದು ಮುಂದಿನ ಮಾತು. ಇಂದಿನ ಶರೀರಶಾಸ್ತ್ರದಲ್ಲಿ ಇಂಥ ನಾಡಿಗಳಿಗೆ ಎಡೆಯಿಲ್ಲ. ಆದರೆ ಶಾರ್ಙ್ಗದೇವ ನಾಡಿಗಳನ್ನು ನಂಬಿ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಶ್ರುತಿಗಳು ಸ್ಪಷ್ಟವಾಗಲೆಂದು ಎರಡು ವೀಣೆಗಳ ನಿದರ್ಶನ ಕೊಡುತ್ತಾನೆ. ಎರಡಕ್ಕೂ 22 ತಂತಿಗಳು. ಪಕ್ಕಪಕ್ಕದ ಎರಡು ತಂತಿಗಳ ನಡುವೆ ಮತ್ತೊಂದು ನಾದಕ್ಕೆ ಎಡೆಯಿಲ್ಲದಂತೆ ಶ್ರುತಿಮಾಡಬೇಕು. ಸ್ಥಿರವಾದ ಧ್ರುವವೀಣೆಯನ್ನು ಹಾಗೆಯೇ ಬಿಟ್ಟು, ಬದಲಿಸುವ ಚಲವೀಣೆಯ ಸ್ವರಗಳನ್ನು ನಾಲ್ಕು ಸಾರಣೆಗಳಲ್ಲಿ, ಅಂದರೆ ಹಂತಗಳಲ್ಲಿ, ಒಂದೊಂದು ಶ್ರುತಿ ಇಳಿಸಬೇಕು. ಎರಡನೆಯ ಸಾರಣೆಯಲ್ಲಿ ಚಲವೀಣೆಯ ಗಾಂಧಾರ, ನಿಷಾದಗಳು ಧ್ರುವವೀಣೆಯ ಋಷಭ, ಧೈವತಗಳಲ್ಲಿ ಲೀನವಾಗುತ್ತವೆ. ಮೂರನೆಯದರಲ್ಲಿ ಋಷಭ, ಧೈವತಗಳು ಷಡ್ಜ, ಪಂಚಮಗಳಲ್ಲಿ. ನಾಲ್ಕನೆಯದರಲ್ಲಿ ಷಡ್ಜ, ಮಧ್ಯಮ, ಪಂಚಮಗಳು ನಿಷಾದ, ಗಾಂಧಾರ, ಮಧ್ಯಮಗಳಲ್ಲಿ. ನಾಟ್ಯಶಾಸ್ತ್ರದ ಭರತನ ಸಾರಣೆಯನ್ನೇ ಬೆಳೆಸಿದ ಈ ಪ್ರಯೋಗದಲ್ಲಿ ಲೆಕ್ಕಾಧಿಕಾರಿಯ ಕೈಚಳಕ ಎದ್ದು ಕಾಣುತ್ತದೆ. ನಾದಬ್ರಹ್ಮವನ್ನು ವಂದಿಸಿದವನೇ ಕಿವಿಯಿಂದ ಪರೀಕ್ಷಿಸಿ ನೋಡಿ ಎಂದೂ ಹೇಳಿದ. ಚಕ್ರದ ಪಟ್ಟಿಯನ್ನು ಹಂಚುವವರು ಇಂಥ ಒಂದು ಪರೀಕ್ಷೆಯನ್ನಾದರೂ ಮುಂದಿಡುತ್ತಾರೆಯೇ?

ದೇವಗಿರಿಯ ಗ್ರಂಥ ನಮಗೆ ದೂರದ್ದೂ ಅಲ್ಲ. ಸೇವುಣರ ಅನೇಕ ಶಾಸನಗಳು ಕನ್ನಡದಲ್ಲಿವೆ. ‘ಸಂಗೀತರತ್ನಾಕರ’ಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು 15ನೆಯ ಶತಮಾನದ ವಿಜಯನಗರದಲ್ಲಿ ಕಲ್ಲಿನಾಥ ಬರೆದ. ಶಾರ್ಙ್ಗದೇವ ಬದುಕಿದ್ದ ಶತಮಾನದಲ್ಲೇ ಇಲ್ಲಿನ ಪಾಜಕದಲ್ಲಿ ಮಧ್ವಾಚಾರ್ಯರು ಜನಿಸಿದರು. ಅವರ ದ್ವಾದಶಸ್ತೋತ್ರ ಇಂದಿಗೂ ಕೃಷ್ಣಮಠದಲ್ಲಿ ರಾಗವಾಗಿ ಕೇಳಿಬರುತ್ತದೆ. ಇಬ್ಬರ ದರ್ಶನಗಳು ಬೇರೆ ಬೇರೆ. ನಾದಬ್ರಹ್ಮವನ್ನು ಅದ್ವಿತೀಯ ಆನಂದವೆಂದು ಉಪಾಸಿಸುವ ಶಾರ್ಙ್ಗದೇವನ ಮಂಗಳಶ್ಲೋಕವನ್ನು ದ್ವೈತಿಗಳು ಇದ್ದಹಾಗೇ ಒಪ್ಪಲಾರರು. ಉಡುಪಿ, ಮಂಗಳೂರಿನಲ್ಲಿ ಶಾಸ್ತ್ರ ಬಲ್ಲವರಿಗೂ ಹಾಡಬಲ್ಲವರಿಗೂ ಕೊರತೆಯಿಲ್ಲದಿರುವಾಗ ಇದು ಚರ್ಚೆಗೆ ಒಳ್ಳೆಯ ವಿಷಯವಾಗಬಹುದು.

ಆ ಪಟ್ಟಿಯನ್ನು ಯಾರು ಹೇಗೆ ಬಳಸಿಕೊಂಡರೂ ನನ್ನ ತಕರಾರಿಲ್ಲ. ಅದನ್ನು ಶಾರ್ಙ್ಗದೇವನ ತಲೆಗೆ ಕಟ್ಟುವುದಕ್ಕೆ ಮಾತ್ರ ಆಕ್ಷೇಪ. ಮುಂದಿನ ಪುರವಣಿಯಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಿ, ಸಾಧ್ಯವಾದರೆ ಪಿಂಡೋತ್ಪತ್ತಿ ಪ್ರಕರಣದ ಕೊನೆಯ ಶ್ಲೋಕಗಳನ್ನು ಕನ್ನಡ ತಾತ್ಪರ್ಯದೊಂದಿಗೆ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತು,
ಸಂಗೀತಶಾಸ್ತ್ರದ ಪಾಠ ಹೇಳುವ ಓರ್ವ ಓದುಗ, ಉಡುಪಿ