ಸೋದರಳಿಯನಿಗೆ ಯಾರಾಗಬೇಕು ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಅಕ್ಕನ ಮಗ ಅಡಿಕೆ ತೋಟ ನೋಡಿಕೊಳ್ಳಲು ತೀರ್ಥಹಳ್ಳಿಗೆ ಬಂದಿದ್ದಾನೆ, ಅವನಿಗೆ ಕೋಚಿಂಗ್ ಕೊಡಲೋ ಮೆಂಟರ್ ಆಗಲೋ ಅಂತ ಕೇಳಿದ್ದೀಯ. ಶಿವಮೊಗ್ಗದಲ್ಲಿ ಕೋಚಿಂಗ್ ಅಂದರೆ ಸಿಇಟಿ ಕ್ಲಾಸೇ ನೆನಪಾಗುವುದು. ಅದು ಪಾಠ, ನೀನು ಕೇಳಿದ್ದು ಬೇರೆ.

ತೋಟದಲ್ಲೇ ಇಟ್ಟು ನೋಡೋಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಅದ್ದಿದ ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ಇಲ್ಲಿ ‘ನಿಂಗೇನನ್ಸುತ್ತೆ?’ ಅಂತ ಕೇಳುತ್ತ ಕೂರಬೇಡ ಮಾರಾಯ. ಗೊತ್ತಿಲ್ಲದವನಿಗೆ ಹೇಳಿಕೊಡಬೇಕು, ಅಷ್ಟೆ.

ಇಷ್ಟೆಲ್ಲ ಗೊತ್ತಿದ್ದೂ ಮುಂಗಾರಿಗೆ ಮೊದಲು ಔಷಧಿ ಹೊಡೆಸುವುದು ತಪ್ಪುತ್ತಿದ್ದರೆ ಆಗ ಕೋಚಿಂಗ್ ಬೇಕು. ಒಂದೇ ಗುರಿ; 15 ದಿನಕ್ಕೊಮ್ಮೆ 45 ನಿಮಿಷದಂತೆ ಆರು ಸಲ ಕೂತರೆ ಸಾಕು. ಬ್ರಿಟನ್ನಿನ ಕೋಚ್ ಜಾನ್ ವಿಟ್ಮೋರ್ 1992ರ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ‘ಗ್ರೋ’ (GROW) ಎಂಬ ನಾಲ್ಕು ಪ್ರಶ್ನೆಗಳ ಕ್ರಮ ಹಿಡಿ: ಏನಾಗಬೇಕು, ಈಗ ಹೇಗಿದೆ, ಯಾವ್ಯಾವ ದಾರಿಗಳಿವೆ, ಯಾವುದನ್ನು ಯಾವತ್ತು ಮಾಡುತ್ತೀಯ. ಎರಡನೆಯದನ್ನು ಹಾರಿಸುವವರೇ ಹೆಚ್ಚು. ಔಷಧಿ ಹೊಡೆಯುವವರಿಗೆ ಯಾವತ್ತು ಫೋನ್ ಮಾಡಿದ, ಅವರೇನಂದರು, ದುಡ್ಡು ಕೈಯಲ್ಲಿತ್ತೇ? ಅರ್ಧ ಗಂಟೆ ಇದಕ್ಕೇ ಹೋದರೂ ಹೋಗಲಿ. ಉತ್ತರ ನಿನ್ನ ನಾಲಿಗೆ ತುದಿಯಲ್ಲಿದ್ದರೂ ತಡೆದುಕೋ. ನೀನು ಹೇಳಿದ ತಾರೀಕು ನಿನ್ನದೇ ಆಗಿ ಉಳಿಯುತ್ತದೆ, ಮಳೆ ಬಂದಾಗ ಅವನು ನಿನ್ನ ಮುಖ ನೋಡುತ್ತಾನೆ.

ಕಾಳುಮೆಣಸು ಹಬ್ಬಿಸಲೇ, ತೋಟ ಬಿಟ್ಟು ಬೆಂಗಳೂರಿಗೆ ಮರಳಲೇ ಎಂಬಂಥ ಪ್ರಶ್ನೆ ಆರು ಸಲಕ್ಕೆ ಮುಗಿಯುವುದಿಲ್ಲ. ಅದಕ್ಕೆ ಆ ದಾರಿ ನಡೆದವರು ಬೇಕು. ಅವರು ತಮಗೆ ನಷ್ಟವಾದದ್ದೆಲ್ಲಿ ಅಂತ ಹೇಳಬೇಕು, ಮಂಡಿಯವರ ಪರಿಚಯ ಮಾಡಿಸಬೇಕು, ವರ್ಷ ಎರಡು ವರ್ಷ ಜೊತೆಗಿರಬೇಕು. ಅದು ಮೆಂಟರಿಂಗ್. ಅಲ್ಲಿ ಮಾತಿನ ವಿಷಯ ಹುಡುಗನೇ ತರಬೇಕು.

ಒಂದು ಮಾತ್ರ ಚುಚ್ಚುತ್ತಿದೆ. ತೋಟದ ಲೆಕ್ಕ ಕೇಳುವವನೇ ಮೆಂಟರ್ ಆದರೆ ಹುಡುಗ ತಪ್ಪು ಬಿಚ್ಚಿಡುವುದಿಲ್ಲ. ನಮ್ಮ ಕಡೆ ‘ಆಯ್ತು ಮಾವ’ ಅಂದರೆ ಎಷ್ಟೋ ಸಲ ಮಾತು ಮುಗಿಸಿ ಅಂತಲೇ ಅರ್ಥ. ನಾನೂ ಹಿರಿಯರೆದುರು ಬೇಡದ್ದಕ್ಕೆಲ್ಲ ಹೂಂ ಅಂದವನು. ಅದನ್ನು ಗೌರವ ಅಂದುಕೊಂಡಿದ್ದೆ, ಭಯವಾಗಿತ್ತು. ಇದನ್ನು ನಾಲ್ಕು ಜನ ಓದುವಲ್ಲಿ ಬರೆಯುವ ಯೋಚನೆ ಇರಲಿಲ್ಲ, ಬರೆದಾಯಿತು. ಮೆಂಟರಿಂಗ್ ಅನ್ನು ಪಕ್ಕದೂರಿನ ಯಾರಾದರೂ ಬೆಳೆಗಾರರಿಗೆ ಬಿಡು.

ಮಳೆ ಹಿಡಿಯುವ ಮುಂಚೆ ಬರುತ್ತೇನೆ, ಕಡುಬು ಮಾಡಿಸು.

ನಿನ್ನವ