ಚಿತ್ರದುರ್ಗ ‘ಚಿತ್ರದುಗರ್’ ಆಗುವ ಮುನ್ನ

ದಾವಣಗೆರೆ

ಪ್ರೀತಿಯ ತಂಗಿಗೆ,

ಚಿತ್ರದುರ್ಗದಿಂದ ನೀನು ಬರೆದ ಪತ್ರ ತಲುಪಿತು. ಕಥಾಸಂಕಲನ ಅಚ್ಚಿಗೆ ಹೊರಟಿದೆ, ಬೆಲೆ 180 ರೂಪಾಯಿ, ಇ-ಪುಸ್ತಕವನ್ನು ಆರು ತಿಂಗಳು ತಡೆದು 40 ರೂಪಾಯಿಗೆ ಬಿಡುತ್ತೇನೆ ಎಂದಿದ್ದೀಯೆ. ತಡೆಯಲೂ ಬೇಡ, ಅಷ್ಟು ಅಗ್ಗಕ್ಕೆ ಕೊಡಲೂ ಬೇಡ.

ಆರು ತಿಂಗಳ ಲೆಕ್ಕವನ್ನು ನಿನಗೆ ಯಾರು ಹೇಳಿಕೊಟ್ಟರೋ, ನನಗೂ ಅಂಥವರೇ ಹೇಳಿದ್ದರು. ನನ್ನ ಕಾದಂಬರಿ ಬಿಡುಗಡೆಯಾದ ಮರುವಾರವೇ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಕಾಯುತ್ತಾ ಕುಳಿತಿದ್ದಾಗ ಒಂದರ ಹಿಂದೆ ಒಂದು ಮೂರು ಕರೆ: ಮಸ್ಕತ್ತಿನಿಂದ, ಪುಣೆಯಿಂದ, ಇಲ್ಲೇ ಜಗಳೂರಿನಿಂದ. ಮೂವರೂ ಕೇಳಿದ್ದು ಮೊಬೈಲಿನಲ್ಲಿ ಓದಲು ಸಿಗುತ್ತದೆಯೇ ಎಂದು. ಇನ್ನೂ ಇಲ್ಲ ಎಂದೆ. ಏಳು ತಿಂಗಳ ಮೇಲೆ ಇ-ಪುಸ್ತಕ ಬಂದಾಗ ಆ ಮೂವರಿಗೂ ನಾನೇ ಸಂದೇಶ ಕಳುಹಿಸಿದೆ. ಉತ್ತರ ಬಂದದ್ದು ಜಗಳೂರಿನವರಿಂದ ಮಾತ್ರ: ‘ಯಾವ ಪುಸ್ತಕ ಸಾರ್?’

ತಡೆಹಿಡಿಯುವ ಉಪಾಯಕ್ಕೆ ಅಮೆರಿಕದಲ್ಲಿ ಅರ್ಥವಿತ್ತು. ಅಲ್ಲಿ ಮೊದಲು ಗಟ್ಟಿ ರಟ್ಟಿನ ದುಬಾರಿ ಪ್ರತಿ ಬರುತ್ತದೆ, ಬಹಳ ದಿನಗಳ ಮೇಲೆ ಅಗ್ಗದ ಪ್ರತಿ. ಅಮೆಜಾನ್‌ನವರ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ ಹೊಸ ಪುಸ್ತಕಗಳು 9.99 ಡಾಲರಿಗೆ ಸಿಗತೊಡಗಿದಾಗ ದುಬಾರಿ ಪ್ರತಿಯ ವ್ಯಾಪಾರ ಕೆಡುತ್ತದೆಂದು ಹೆದರಿ, 2009ರ ಕೊನೆಗೆ ಕೆಲವು ದೊಡ್ಡ ಪ್ರಕಾಶಕರು ಇ-ಪುಸ್ತಕವನ್ನು ತಿಂಗಳುಗಟ್ಟಲೆ ತಡೆಯಲು ಹೊರಟರು. ನಿನ್ನದು 1/8 ಡೆಮಿ ಅಳತೆಯ ಒಂದೇ ಪ್ರತಿ, ಒಂದೇ ಬೆಲೆ. ಕಾಪಾಡಿಕೊಳ್ಳಲು ಮೇಲಿನ ಮೆಟ್ಟಿಲೇ ಇಲ್ಲ. ಸಮಾರಂಭದ ದಿನ ಮಾತ್ರ ಅಚ್ಚಿನದೇ ಇರಲಿ. ಅಂದು ಕೊಳ್ಳುವವರಿಗೆ ನಿನ್ನ ಹಸ್ತಾಕ್ಷರ ಬೇಕು. ಭಾನುವಾರ ಬಿಡುಗಡೆಯಾದರೆ ಬುಧವಾರಕ್ಕೆ ಇ-ಪುಸ್ತಕ ಬರಲಿ.

ಇನ್ನು ಬೆಲೆ. ಇ-ಪುಸ್ತಕದಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಪಾರ್ಸೆಲ್ ಖರ್ಚು ಉಳಿತಾಯವಾಗುತ್ತದೆ, ಒಪ್ಪಿದೆ. ಕರಡು ತಿದ್ದಿದವರ, ಮುಖಪುಟ ಬರೆದವರ ಸಂಭಾವನೆ ಉಳಿತಾಯವಾಗುವುದಿಲ್ಲ. ಅಂಗಡಿಯವರ ಕಮಿಷನ್ ಹೋದ ಜಾಗಕ್ಕೆ ಆ್ಯಪ್‌ನವರ ಪಾಲು ಬಂದು ಕೂರುತ್ತದೆ. ಮೇಲೆ ತೆರಿಗೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ, ಅದರ ಮುದ್ರಿತ ಆವೃತ್ತಿ ಇದ್ದರೆ ಶೇ 5, ಇಲ್ಲದಿದ್ದರೆ ಶೇ 18. ಅಚ್ಚೇ ಬೇಡ, ಬರೀ ಇ-ಪುಸ್ತಕ ಸಾಕು ಎನ್ನುವ ನಿನ್ನ ಗೆಳತಿಗೆ ನೂರಕ್ಕೆ 13 ರೂಪಾಯಿಯ ಈ ವ್ಯತ್ಯಾಸವನ್ನು ಹೇಳು. ನನ್ನನ್ನು ಕೇಳಿದರೆ 110 ಅಥವಾ 120 ಇಡು. ನಲವತ್ತು ರೂಪಾಯಿ ಎಂದರೆ ಸಂಜೆಯ ಮಂಡಕ್ಕಿ-ಮಿರ್ಚಿಯ ದುಡ್ಡು. ಅಷ್ಟಕ್ಕೆ ಕೊಂಡವರು ಮೊಬೈಲಿನಲ್ಲಿ ಇಳಿಸಿಕೊಂಡು ಮರೆಯುತ್ತಾರೆ. ನನ್ನ ಮೊಬೈಲಿನಲ್ಲೇ ಅಂಥವು ಹದಿನಾಲ್ಕಿವೆ.

ಬುಧವಾರಕ್ಕೆ ಬರಬೇಕಾದರೆ ಕೆಲಸ ಇವತ್ತೇ ಶುರುವಾಗಬೇಕು. ಡಿಟಿಪಿಯವರು ನಿನ್ನ ಕಥೆಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಜೋಡಿಸಿದ್ದರೆ ಅದನ್ನು ಮೊಬೈಲಿನಲ್ಲಿ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅಲ್ಲಿ ಅರ್ಕಾವತ್ತು, ಅಂದರೆ ಅಕ್ಷರದ ಪಕ್ಕ ಬರೆಯುವ ‘ರ್’ ಗುರುತು, ಕೈಕೊಡುತ್ತದೆ. ನನ್ನ ಕಾದಂಬರಿಯಲ್ಲಿ ‘ಸೂರ್ಯ’ ಹೋಗಿ ‘ಸೂಯರ್’ ಆಗಿತ್ತು, ‘ಕಾರ್ಯ’ ಹೋಗಿ ‘ಕಾಯರ್’. ನಿನ್ನ ಕಥೆಗಳ ತುಂಬ ಊರಿನ ಹೆಸರಿದೆ. ಪುಟಪುಟಕ್ಕೂ ‘ಚಿತ್ರದುಗರ್’ ಎಂದು ಕಾಣಿಸಿದರೆ ಕೋಟೆಯ ಕಲ್ಲೂ ನಕ್ಕೀತು. ಹುಡುಕಿ ಬದಲಿಸುವ ಆಜ್ಞೆಯನ್ನು ನಂಬಬೇಡ, ‘ಡಾಲರ್’ ಇದ್ದ ಕಡೆ ‘ಡಾರ್ಲ’ ಮಾಡಿಬಿಡುತ್ತದೆ. ಪೂರ್ತಿ ಕಡತವನ್ನು ಮೊಬೈಲಿನಲ್ಲೇ ತೆರೆದು ಸಾಲು ಬಿಡದೆ ಓದು. ಆಗ ಸಿಕ್ಕ ಕಾಗುಣಿತದ ತಪ್ಪುಗಳನ್ನು ಅಚ್ಚಿನ ಪ್ರತಿಗೂ ತಿದ್ದಿಸಬಹುದು, ಪ್ಲೇಟ್ ಆಗುವ ಮೊದಲು.

ಬಿಡುಗಡೆ ಯಾವತ್ತೆಂದು ತಿಳಿಸು. ಬೆಳಗಿನ ಬಸ್ಸಿಗೇ ಬರುತ್ತೇನೆ. ಗೌರವ ಪ್ರತಿ ತೆಗೆದಿಡಬೇಡ, 180 ರೂಪಾಯಿ ಚಿಲ್ಲರೆ ಸಮೇತ ತರುತ್ತೇನೆ.

ಇತಿ,
ನಿನ್ನ ಅಣ್ಣ